ದೊರೆ ಕುಡಿದ ನೀರು

ನಮ್ಮ ಮನೆಯಲ್ಲಿ ನಾಯಿಯ ಹೆಸರು ದೊರೆ, ನನ್ನ ಹೆಸರು ‘ಇವನು’. ಎರಡನ್ನೂ ಇಟ್ಟವರು ನನ್ನ ಹೆಂಡತಿಯ ತಾಯಿ. ಮೂರು ವರ್ಷದ ಹಿಂದೆ ಒಂದು ಹೊಲಿಗೆ ಯಂತ್ರ, ಎರಡು ಪೆಟ್ಟಿಗೆ ಮತ್ತು ಈ ನಾಯಿಯ ಸಮೇತ ಅವರು ಮಗಳ ಮನೆಗೆ ಬಂದರು. ಬಂದ ದಿನವೇ ಸೋಫಾದಲ್ಲಿ ನಾನು ಕೂರುತ್ತಿದ್ದ ಮೂಲೆ ದೊರೆಯ ಪಾಲಾಯಿತು. ನಾನು ಮುಖ ಗಂಟು ಹಾಕಿಕೊಂಡರೆ ಅತ್ತೆ ಮಗಳ ಕಡೆ ತಿರುಗಿ, “ಇವನಿಗೆ ಕೂರೋಕೆ ಕುರ್ಚಿ ಇಲ್ವೇನೇ?” ಎಂದು ಕೇಳುತ್ತಿದ್ದರು. ನಾನು ಅವರ ಎದುರಿಗೇ ನಿಂತಿರುತ್ತಿದ್ದೆ.

ನನ್ನ ಕೆಲಸವೂ ಅವರಿಗೆ ಹಿಡಿಸಿರಲಿಲ್ಲ. ನಾನು ನಾಯಿಗಳಿಗೆ ಈಜು ಹೇಳಿಕೊಡುವವನು. ಪ್ರಾಣಿಗಳ ಆಸ್ಪತ್ರೆಯ ಹಿಂಭಾಗದಲ್ಲಿ ಎಂಟು ಮೀಟರ್ ಉದ್ದದ, ನನ್ನ ಎದೆಮಟ್ಟ ಆಳದ ಬೆಚ್ಚನೆಯ ಕೊಳವೊಂದಿದೆ. ಸೊಂಟ ಹಿಡಿದವು, ಕಾಲು ಮುರಿದು ಕೂಡಿಕೊಂಡವು, ಕೂತಲ್ಲೇ ತಿಂದು ಮೈ ಬೆಳೆಸಿ ಏದುಸಿರು ಬಿಡುವವು, ಎಲ್ಲ ನಾಯಿಗಳೂ ಅಲ್ಲಿಗೆ ಬರುತ್ತವೆ. “ನಾಯಿಗೆ ಈಜು ಕಲಿಸೋದು ಅಂದ್ರೆ ಕೋಳಿಗೆ ಕೆದಕೋದು ಕಲಿಸಿದ ಹಾಗೆ” ಎಂದು ಅತ್ತೆ ನೆಂಟರ ಮುಂದೆ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಯಾಕೆಂದರೆ ಲೋಕವೆಲ್ಲ ನಂಬಿರುವ ಈ ಮಾತಿನಿಂದಲೇ ನಾಯಿಗಳು ಸಾಯುವುದು. ನಾಯಿಗೆ ಕಾಲು ಬಡಿಯುವುದು ಗೊತ್ತು, ಅದೂ ಎಲ್ಲ ನಾಯಿಗೂ ಅಲ್ಲ. ಎಲ್ಲಿ ಹತ್ತಿ ಹೊರಗೆ ಬರಬೇಕು ಎಂಬುದು ಗೊತ್ತಿರುವುದಿಲ್ಲ. ಕಾಲು ಬಡಿಯಬಲ್ಲ ನಾಯಿಯೂ ನುಣುಪಾದ ಗೋಡೆಯನ್ನು ಕೆರೆದು ಕೆರೆದು ಸೋತು ಮುಳುಗುತ್ತದೆ.

ಹಾಗಾಗಿ ನನ್ನ ಕೊಳದಲ್ಲಿ ಮೊದಲ ದಿನ ಈಜೇ ಇಲ್ಲ. ರಬ್ಬರ್ ಹಾಸಿದ ಇಳಿಜಾರಿನಲ್ಲಿ ಇಳಿಯುವುದು, ಹತ್ತುವುದು, ಮತ್ತೆ ಇಳಿಯುವುದು, ಮತ್ತೆ ಹತ್ತುವುದು. ಕಣ್ಣು ಕಟ್ಟಿದರೂ ನಾಯಿ ಆ ಇಳಿಜಾರಿಗೇ ಬರಬೇಕು. ಕುತ್ತಿಗೆಯ ಪಟ್ಟಿ ಬಿಚ್ಚಿಡಬೇಕು, ಎಲ್ಲಾದರೂ ಸಿಕ್ಕಿಹಾಕಿಕೊಂಡೀತು. ತೇಲುವ ಜಾಕೆಟ್ ಹಾಕಬೇಕು, ಅದರ ಬೆನ್ನಿನ ಮೇಲೆ ನಾನು ಹಿಡಿಯಲು ಒಂದು ಹಿಡಿ ಇರಬೇಕು. ತಿಂದು ಎರಡು ಗಂಟೆಯಾದರೂ ಆಗಿರಬೇಕು. ನಾಯಿಯನ್ನು ಎತ್ತಿ ನೀರಿಗೆ ಎಸೆದವರನ್ನು ನಾನು ಎತ್ತಿ ಎಸೆಯುತ್ತೇನೆ ಎಂದು ಗೋಡೆಯ ಮೇಲೆ ಬರೆಸಿದ್ದೆ. ಆಸ್ಪತ್ರೆಯ ಡಾಕ್ಟರಮ್ಮ ಅದನ್ನು ಅಳಿಸಿಹಾಕಿಸಿದರು. ಆರು ವರ್ಷದಲ್ಲಿ ಒಂದೇ ಒಂದು ನಾಯಿಯ ತಲೆ ನನ್ನ ಕೊಳದಲ್ಲಿ ನೀರಿನ ಕೆಳಗೆ ಹೋಗಿರಲಿಲ್ಲ. ಕೇಳದವರಿಗೂ ಇದನ್ನು ಹೇಳುತ್ತಿದ್ದೆ.

ಒಂದು ನಾಯಿಗೆ ಹತ್ತು ನಿಮಿಷ ನೀರು. ಆದರೆ ಗಡಿಯಾರ ನೋಡುವ ಅಭ್ಯಾಸ ನನಗಿರಲಿಲ್ಲ. ಮುಂದಿನ ನಾಯಿಯವರು ಬಂದು ಬಾಗಿಲ ಗಂಟೆ ಒತ್ತುತ್ತಿದ್ದರು, ನಾನು ನೀರಲ್ಲಿದ್ದ ನಾಯಿಯನ್ನು ಹತ್ತಿಸಿ ಒರೆಸಲು ಕೊಡುತ್ತಿದ್ದೆ. ಕೆಲಸ ಅದರ ಪಾಡಿಗೆ ಹೀಗೇ ನಡೆದುಕೊಂಡು ಹೋಗುತ್ತಿತ್ತು.

ಈ ವರ್ಷದ ಮೊದಲಲ್ಲಿ ದೊರೆ ಹಿಂಗಾಲು ಎಳೆದುಕೊಂಡು ನಡೆಯತೊಡಗಿತು. ಗಿಡ್ಡ ಕಾಲು, ಉದ್ದ ಬೆನ್ನು, ನೆಲ ಸವರುವ ಹೊಟ್ಟೆ, ಒಂಬತ್ತು ವರ್ಷದ ವಯಸ್ಸು, ಆಗದೆ ಇನ್ನೇನು? ಡಾಕ್ಟರಮ್ಮ ಬೆನ್ನುಮೂಳೆ ಒತ್ತಿ ನೋಡಿ, “ಮಾತ್ರೆ ಕೊಡ್ತೀನಿ, ಆದ್ರೆ ನಿಜವಾದ ಔಷಧಿ ಈಜು. ನಿಮ್ಮ ಮನೆಯಲ್ಲೇ ಇದಾರಲ್ಲ” ಎಂದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ ಒಂದು ವಾರ ನಮ್ಮ ಮನೆಯಲ್ಲಿ ಅದೇ ಜಗಳ. ನನ್ನ ಹೆಂಡತಿ ಇಬ್ಬರ ನಡುವೆ ಸಿಕ್ಕಿ ಅಡಕತ್ತರಿಯ ಅಡಕೆಯಾದಳು. ಕೊನೆಗೊಂದು ಸಂಜೆ ಅತ್ತೆ ಹೊಲಿಗೆ ಯಂತ್ರ ನಿಲ್ಲಿಸಿ ನನ್ನ ಮುಖವನ್ನು ನೇರವಾಗಿ ನೋಡಿದರು.

“ಅವರು ಹೋದ ಮೇಲೆ ನನಗೆ ಅಂತ ಉಳಿದಿರೋದು ಇದೊಂದೇ. ನೀನು ನೋಡ್ಕೋತೀಯಾ?”

“ನೋಡ್ಕೋತೀನಿ ಅತ್ತೆ. ನೀರಲ್ಲಿರೋ ತನಕ ಅದರ ಬೆನ್ನ ಮೇಲಿಂದ ಕೈ ತೆಗೆಯೋದಿಲ್ಲ.”

“ಮಾತು ಕೊಟ್ಟಿದೀಯ” ಎಂದು ಮತ್ತೆ ಯಂತ್ರ ತುಳಿದರು.

ದೊರೆಯ ಹೊಟ್ಟೆಗೆ ಅಂಗಡಿಯ ಯಾವ ಜಾಕೆಟ್ಟೂ ಆಗಲಿಲ್ಲ. ಮೂವತ್ತು ವರ್ಷ ಶಾಲಾಮಕ್ಕಳಿಗೆ ಸಮವಸ್ತ್ರ ಹೊಲಿದ ಅತ್ತೆ ತಾವೇ ಟೇಪು ಹಿಡಿದು ಅಳತೆ ತೆಗೆದರು. “ಹೊಟ್ಟೆ ಒಳಗೆ ಎಳ್ಕೋಬೇಡ, ಮೋಸ ಮಾಡಿದ್ರೆ ನಿನಗೇ ಬಿಗಿ” ಎಂದು ನಾಯಿಗೆ ಗದರಿದರು. ಎಲ್ಲಿ ಬೆಂಡು ಹಾಕಬೇಕು, ಹಿಡಿಗೆ ಎಷ್ಟು ಹೊಲಿಗೆ ಬೇಕು ಎಂದು ನಾನು ಹೇಳಿದೆ, ಅವರು ಹೊಲಿದರು. ಅಷ್ಟು ಒಳ್ಳೆಯ ಜಾಕೆಟ್ಟನ್ನು ನಾನು ಎಲ್ಲೂ ಕಂಡಿಲ್ಲ. ಐದು ವಾರದಲ್ಲಿ ದೊರೆಯ ಹಿಂಗಾಲು ನೆಲಕ್ಕೆ ಊರತೊಡಗಿತು. ಆರನೆಯ ವಾರ ಅದು ತಾನಾಗಿಯೇ ಸೋಫಾ ಹತ್ತಿದಾಗ ಅತ್ತೆ ನನ್ನ ಕಡೆ ತಿರುಗಿ, “ನೋಡಿದ್ಯೇನಪ್ಪಾ!” ಎಂದರು. ಆ ‘ಅಪ್ಪಾ’ ಕೇಳಿ ನಾನು ಒಂದು ಇಡೀ ದಿನ ಉಬ್ಬಿಹೋಗಿದ್ದೆ. ಮಗಳ ಗಂಡ ಕೊನೆಗೂ ಅಳಿಯ ಆದನೆಂದು ಹೆಂಡತಿ ಹಾಸ್ಯ ಮಾಡಿದಳು.

ಇದಾದ ಮೇಲೆ ಬಂದ ರಜೆಯ ದಿನ ನಾನೇ ಅತ್ತೆಯನ್ನು ಕರೆದೆ. ಅಲ್ಲಿಯವರೆಗೆ ಅವರು ಗಾಜಿನ ಆಚೆ ಕೂತು ನೋಡುತ್ತಿದ್ದರು, ಒಳಗೆ ಬರುತ್ತಿರಲಿಲ್ಲ. ಅವತ್ತು ಕೊಳಕ್ಕೆ ರಜೆ, ಬೇರೆ ನಾಯಿಗಳಿಲ್ಲ. ಮುಂದಿನ ಕಟ್ಟಡದಲ್ಲಿ ಡಾಕ್ಟರಮ್ಮ ಒಂದು ಬೆಕ್ಕಿಗೆ ತುರ್ತು ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಅತ್ತೆ ಕೈಚೀಲದಿಂದ ದೊರೆಯ ಕೆಂಪು ಚೆಂಡು ತೆಗೆದರು. ದೊಡ್ಡ ಚೆಂಡು, ಕಚ್ಚಬೇಕಾದರೆ ದೊರೆ ದವಡೆಯನ್ನು ಪೂರ್ತಿ ತೆರೆಯಬೇಕಿತ್ತು.

“ಇದನ್ನ ಎಸೀಲಾ?”

“ಎಸೀರಿ ಅತ್ತೆ, ಅದಕ್ಕೇನಂತೆ” ಎಂದೆ.

ಅತ್ತೆ ಎಸೆದರು. ದೊರೆ ಕಾಲು ಬಡಿದುಕೊಂಡು ಹೋಗಿ, ಬಾಯಿ ಅಗಲಿಸಿ ಕಚ್ಚಿ, ತಿರುಗಿ ಬಂದು ಅವರ ಕಾಲ ಬಳಿ ಹಾಕಿತು. ಮತ್ತೆ ಎಸೆದರು. ನಾನು ಎದೆಮಟ್ಟ ನೀರಿನಲ್ಲಿ ಅದರ ಪಕ್ಕಕ್ಕೇ ನಡೆಯುತ್ತಿದ್ದೆ, ಜಾಕೆಟ್ಟಿನ ಹಿಡಿಯ ಮೇಲೆ ಕೈ ಇಟ್ಟುಕೊಂಡೇ. ಆರೇಳು ಸಲ ಆದ ಮೇಲೆ ಅತ್ತೆ ಚಪ್ಪಲಿ ಬಿಟ್ಟು ಕೊಳದ ಅಂಚಿಗೆ ಕೂತು ಕಾಲು ಇಳಿಬಿಟ್ಟರು. ಚೆಂಡು ಒಮ್ಮೆ ನನ್ನ ತಲೆಗೆ ಬಡಿಯಿತು. ಅವರು ನಕ್ಕರು. ಮೂರು ವರ್ಷದಲ್ಲಿ ಅವರು ನನ್ನನ್ನು ನೋಡಿ ನಕ್ಕಿದ್ದು ಬೇಕಾದಷ್ಟಿತ್ತು, ನನ್ನ ಜೊತೆ ನಕ್ಕಿದ್ದು ಅದೇ ಮೊದಲು. ಎರಡನೇ ಸಲ ಬೇಕೆಂದೇ ನನ್ನ ತಲೆಗೆ ಗುರಿಯಿಟ್ಟರು.

ಎಷ್ಟು ಸಲ ಎಸೆದರು? ಮೂವತ್ತೋ, ನಲವತ್ತೋ, ಇನ್ನೂ ಹೆಚ್ಚೋ. ಗಂಟೆ ಒತ್ತುವವರು ಯಾರೂ ಇರಲಿಲ್ಲ. ಅಷ್ಟು ಸಲವೂ ದೊರೆ ನೀರಿನ ಮೇಲೆ ಬಾಯಿ ತೆರೆದಿತ್ತು, ಅಷ್ಟು ಸಲವೂ ಚೆಂಡಿನ ಜೊತೆ ಒಂದೊಂದು ಗುಟುಕು ಒಳಗೆ ಹೋಗಿತ್ತು. ನನ್ನ ಕೈ ಅದರ ಬೆನ್ನಿನ ಮೇಲೇ ಇತ್ತು, ಕಣ್ಣು ಬಾಯಿಯ ಮೇಲೆ ಇರಲಿಲ್ಲ. ಮುಳುಗದಂತೆ ಕಾಯುವುದರಲ್ಲಿ ನಾನು ಎಷ್ಟು ಪಳಗಿದ್ದೆನೆಂದರೆ, ಹೊರಗಿನ ನೀರು ಬಿಟ್ಟು ಇನ್ನೊಂದು ನೀರು ಇದೆಯೆಂದೇ ನನಗೆ ಹೊಳೆಯಲಿಲ್ಲ.

ಹತ್ತಿಸಿದ ಮೇಲೆ ದೊರೆ ಹಾಸಿನ ಮೇಲೆ ಕಾಲು ಚೆಲ್ಲಿ ಬಿದ್ದುಕೊಂಡಿತು. ಹೊಟ್ಟೆ ಬಿಗಿದಿತ್ತು. ಅದು ಯಾವಾಗಲೂ ದೊಡ್ಡ ಹೊಟ್ಟೆಯೇ, ನಾವು ಗಮನಿಸಲಿಲ್ಲ.

“ಸುಸ್ತಾಗಿದೆ. ಇಲ್ಲಿ ಸೆಖೆ ಬೇರೆ” ಎಂದೆ. “ನೀರು ಕುಡಿಸೋಣ.”

ಬಟ್ಟಲಿಟ್ಟರೆ ಮುಖ ತಿರುಗಿಸಿತು. ನಾನು ಬೊಗಸೆಯಲ್ಲಿ ನೀರು ತುಂಬಿ ಅದರ ಬಾಯಿಗೆ ಹಿಡಿದೆ. ಅದು ನನ್ನ ಮುಖ ನೋಡಿತು, ನಾನು “ಕುಡಿ ರಾಜಾ” ಎಂದೆ, ಅದು ಕುಡಿಯಿತು. ಮತ್ತೆರಡು ಬೊಗಸೆ ಕುಡಿಸಿದೆ. ಬೇಡವೆಂದ ಜೀವಕ್ಕೆ ಮುದ್ದು ಮಾಡಿ ಮಾಡಿ ಕುಡಿಸಿದೆ.

ಸ್ವಲ್ಪ ಹೊತ್ತಿಗೆ ಅದು ಎದ್ದು ನಡೆಯಲು ಹೋಗಿ ಗೋಡೆಗೆ ತಾಗಿತು. ಅತ್ತೆ, “ಏನು, ದೊರೆಗಳು ಇವತ್ತು ತೂರಾಡ್ತಾ ಇದಾರೆ” ಎಂದರು. ನಾನೂ ನಕ್ಕೆ. ಆಮೇಲೆ ಅದು ಕುಳಿತು ವಾಂತಿ ಮಾಡಿತು, ಬರೀ ನೀರು. ಕಣ್ಣುಗುಡ್ಡೆ ಎಲ್ಲೋ ನೋಡುತ್ತಿತ್ತು. ಅತ್ತೆ ಕರೆದರೆ ಕಿವಿಯೂ ಅಲುಗಲಿಲ್ಲ. ನಾನು ಎತ್ತಿಕೊಂಡು ಮುಂದಿನ ಕಟ್ಟಡಕ್ಕೆ ಓಡಿದೆ, ಅತ್ತೆ ಬರಿಗಾಲಲ್ಲಿ ಹಿಂದೆ ಓಡಿ ಬಂದರು.

ಡಾಕ್ಟರಮ್ಮ ಆಗಷ್ಟೇ ಬೆಕ್ಕಿನ ಕೆಲಸ ಮುಗಿಸಿದ್ದರು. ಮೇಜಿನ ಮೇಲೆ ಮಲಗಿಸುತ್ತಿದ್ದಂತೆ ದೊರೆ ಇನ್ನೊಮ್ಮೆ ಕಕ್ಕಿತು. ಆ ತಿಳಿನೀರು ಉಕ್ಕಿನ ಮೇಜಿನ ಮೇಲೆ ಹರಿದು ನನ್ನ ಕಾಲಿಗೆ ಬಿತ್ತು. ಆಗ ನನಗೆ ನೆನಪಾಯಿತು. ಎರಡು ವರ್ಷದ ಹಿಂದೆ ಟೀ ಕುಡಿಯುತ್ತಾ ಡಾಕ್ಟರಮ್ಮನೇ ಹೇಳಿದ್ದರು: ಕೆರೆಯಲ್ಲಿ ಆಡುವ ನಾಯಿಗಳು ಕಡ್ಡಿ, ಚೆಂಡು ತರುವ ನೆಪದಲ್ಲಿ ಲೀಟರುಗಟ್ಟಲೆ ನೀರು ನುಂಗುತ್ತವೆ, ರಕ್ತದ ಉಪ್ಪು ತೆಳ್ಳಗಾಗಿ ಮಿದುಳು ಊದಿಕೊಳ್ಳುತ್ತದೆ, ಕುಡುಕರ ಹಾಗೆ ತೂರಾಡಿ ಬೀಳುತ್ತವೆ. ನನ್ನ ಕೊಳದಲ್ಲಿ ಹಾಗೆಲ್ಲ ಆಗುವುದಿಲ್ಲ ಎಂದು ನಾನು ಬಿಸ್ಕತ್ತು ಅದ್ದಿಕೊಂಡು ತಿಂದಿದ್ದೆ.

“ಏನಾಯ್ತು? ಸೆಖೆ ಹೊಡೆದಿರೋ ಹಾಗಿದೆ. ಎಷ್ಟು ಹೊತ್ತಿಂದ ಹೀಗಿದೆ?” ಡಾಕ್ಟರಮ್ಮ ಕಣ್ಣರೆಪ್ಪೆ ಎತ್ತಿ ಬೆಳಕು ಬಿಡುತ್ತಾ ಕೇಳಿದರು. “ನೀರು ಎಷ್ಟು ಕುಡಿದಿದೆ?”

ಅತ್ತೆ ನನ್ನ ಪಕ್ಕ ನಿಂತಿದ್ದರು. ಅವರ ಎರಡೂ ಕೈ ನನ್ನ ಮೊಣಕೈಯನ್ನು ಬಿಗಿಯಾಗಿ ಹಿಡಿದಿದ್ದವು. ಮಗಳು ಅಲ್ಲಿರಲಿಲ್ಲ, ಹಿಡಿದುಕೊಳ್ಳಲು ಅವರಿಗೆ ನಾನೊಬ್ಬನೇ ಇದ್ದೆ. ನಿಜ ಹೇಳಿದರೆ ಆ ಕೈ ಬಿಡುತ್ತದೆ ಎಂದು ನನಗೆ ಅನ್ನಿಸಿತು. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

“ಸ್ವಲ್ಪ” ಎಂದೆ.

ಡಾಕ್ಟರಮ್ಮ ನನ್ನನ್ನು ಆರು ವರ್ಷದಿಂದ ಬಲ್ಲವರು, ಎರಡನೇ ಸಲ ಕೇಳಲಿಲ್ಲ. ರಕ್ತ ತೆಗೆದು ಎದುರು ರಸ್ತೆಯ ಲ್ಯಾಬಿಗೆ ಕಳಿಸಿದರು. ಮೈಗೆ ಒದ್ದೆ ಟವೆಲು ಹೊದಿಸಿ, ಸೆಖೆ ಹೊಡೆದ ನಾಯಿಗೆ ಮಾಡುವ ಹಾಗೆ ಮುಂಗಾಲಿಗೆ ಸೂಜಿ ಚುಚ್ಚಿ ಡ್ರಿಪ್ ಹಾಕಿದರು. ನೀರು ತುಂಬಿದ ಮೈಗೆ ಇನ್ನಷ್ಟು ನೀರು ಹನಿ ಹನಿಯಾಗಿ ಇಳಿಯತೊಡಗಿತು. ಎಂದೂ ಗಡಿಯಾರ ನೋಡದ ನಾನು ಗೋಡೆಯ ಗಡಿಯಾರ ನೋಡುತ್ತಾ ನಿಂತೆ. ಈಗ ಹೇಳುತ್ತೇನೆ, ಈ ಮುಳ್ಳು ಅಲ್ಲಿಗೆ ಬಂದಾಗ ಹೇಳುತ್ತೇನೆ ಎಂದುಕೊಂಡೆ. ಲ್ಯಾಬಿನವರು ಫೋನು ಮಾಡಿಬಿಟ್ಟರೆ ನಾನು ಹೇಳುವುದೇ ಬೇಡ ಎಂದೂ ಅಂದುಕೊಂಡೆ. ಒಂಬತ್ತು ನಿಮಿಷ. ಹದಿನಾಲ್ಕು. ಇಪ್ಪತ್ತನೆಯ ನಿಮಿಷಕ್ಕೆ ದೊರೆಯ ನಾಲ್ಕೂ ಕಾಲು ಒಟ್ಟಿಗೆ ಸೆಟೆದು ಮೈ ಕುಣಿಯತೊಡಗಿತು.

“ತುಂಬಾ ಕುಡಿದಿದೆ!” ನಾನು ಕಿರುಚಿದೆ. “ಮುಕ್ಕಾಲು ಗಂಟೆ ಚೆಂಡು ಎಸೆದ್ವಿ. ಪ್ರತಿ ಸಲ ಕುಡಿದಿದೆ. ಆಮೇಲೆ ನಾನೂ ಕೈಯಾರೆ ಕುಡಿಸಿದೆ!”

ಡಾಕ್ಟರಮ್ಮ ಡ್ರಿಪ್ ಕಿತ್ತರು. ಬೇರೆ ಔಷಧಿ ತರಲು ಕೂಗಿದರು, ಬೇರೆ ಬಾಟಲಿ ಬಂತು. ಒಂದು ಕ್ಷಣ ಅವರು ತಲೆಯೆತ್ತಿ ನನ್ನನ್ನು ನೋಡಿದರು. ಅವರಿಗೆ ಗೊತ್ತಾಯಿತು. ಅತ್ತೆಗೆ ಗೊತ್ತಾಗಲಿಲ್ಲ, ನನಗೆ ಆಗಷ್ಟೇ ಹೊಳೆಯಿತು ಎಂದುಕೊಂಡರು. ಅವರ ಕೈ ನನ್ನ ಮೊಣಕೈಯ ಮೇಲೇ ಇತ್ತು.

ಮಧ್ಯಾಹ್ನ ಮೂರೂವರೆಗೆ ದೊರೆ ಸತ್ತಿತು.

ಡಾಕ್ಟರಮ್ಮ ನನ್ನನ್ನು ಮೊಗಸಾಲೆಗೆ ಕರೆದು ದನಿ ತಗ್ಗಿಸಿ ಹೇಳಿದರು. “ಇಪ್ಪತ್ತು ನಿಮಿಷ ಮೊದಲೇ ಹೇಳಿದ್ರೆ ಉಳೀತಿತ್ತಾ ಅಂತ ಕೇಳ್ಬೇಡ. ನನಗೆ ಗೊತ್ತಿಲ್ಲ. ಗೊತ್ತಿದ್ರೂ ನಿನಗೆ ಹೇಳ್ತಿರಲಿಲ್ಲ.” ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಸಂಜೆ ಮನೆಯಲ್ಲಿ ಸೋಫಾದ ಆ ಮೂಲೆಯಲ್ಲಿ ಯಾರೂ ಕೂರಲಿಲ್ಲ. ಹೆಂಡತಿ ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು. ಅತ್ತೆ ಅಳಲಿಲ್ಲ. ಒದ್ದೆ ಜಾಕೆಟ್ಟನ್ನು ಹಿಂಡಿ, ಕೊಡವಿ, ಹಗ್ಗದ ಮೇಲೆ ಹರವಿ ಬಂದು ಕೂತರು.

“ನಾಳೆ ಎಷ್ಟು ನಾಯಿ ಬರುತ್ತೆ?”

“ಏಳು, ಅತ್ತೆ.”

“ಒಬ್ಬೊಬ್ಬರಿಗೂ ಹೇಳು. ಚೆಂಡು ಎಸೆದದ್ದು, ನೀರು ಕುಡಿದದ್ದು, ನೀನು ಕೈಯಾರೆ ಕುಡಿಸಿದ್ದು. ಮರೆಮಾಚಬೇಡ. ನಾನು ಬಂದು ಕೂತ್ಕೋತೀನಿ.”

“ಅಮ್ಮಾ, ಇವರ ಕೆಲಸ ಹೋಗುತ್ತೆ” ಎಂದಳು ಹೆಂಡತಿ.

“ಹೋದ್ರೆ ಇನ್ನೊಂದು ಸಿಗುತ್ತೆ. ನಮಗೆ ಗೊತ್ತಿಲ್ಲದೆ ಹೋಯ್ತು. ಅವರಿಗಾದ್ರೂ ಗೊತ್ತಾಗಲಿ.”

ಬೆಳಿಗ್ಗೆ ಅತ್ತೆ ಫ್ಲಾಸ್ಕು ಹಿಡಿದು ನನ್ನ ಜೊತೆಗೇ ಬಂದರು, ಕೊಳದ ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರು. ಮೊದಲು ಬಂದವನು ಬೇಕರಿಯವನು, ತನ್ನ ಹಳದಿ ದಡಿಯನನ್ನು ಎಳೆದುಕೊಂಡು. ನಾನು ಅವನ ಮುಂದೆ ನಿಂತು ಹೇಳಿದೆ. ಚೆಂಡು ಹೇಳಿದೆ, ಮುಕ್ಕಾಲು ಗಂಟೆ ಹೇಳಿದೆ, ಬೊಗಸೆ ಹೇಳಿದೆ. ಆಸ್ಪತ್ರೆಯ ಮೇಜಿನ ಹತ್ತಿರ ಬಂದಾಗ, “ಆಮೇಲೆ ಡಾಕ್ಟರಮ್ಮ ತುಂಬಾ ಪ್ರಯತ್ನ ಮಾಡಿದ್ರು” ಎಂದು ದಾಟಿಬಿಟ್ಟೆ. ಅವನು ನನ್ನ ಭುಜ ತಟ್ಟಿದ. “ಗೊತ್ತಿಲ್ದೆ ಆದದ್ದಕ್ಕೆ ಯಾರು ಏನು ಮಾಡೋಕಾಗುತ್ತೆ? ನೀವು ಹೇಳಿದ್ರಲ್ಲ, ಅದೇ ದೊಡ್ಡದು” ಎಂದ. ಅವನ ನಾಯಿಯನ್ನು ಗಡಿಯಾರ ನೋಡಿಕೊಂಡು ಹತ್ತೇ ನಿಮಿಷ ಈಜಿಸಿದೆ. ಎರಡನೆಯವರು ಹಲ್ಲಿನ ಡಾಕ್ಟರು. ಅವರು ಭುಜ ತಟ್ಟಲಿಲ್ಲ, ಮುಖ ಬಿಳಿಚಿಕೊಂಡು ನಾಯಿಯನ್ನು ನೀರಿಗೇ ಬಿಡದೆ ವಾಪಸ್ ಹೊರಟರು. ಹೋಗುವಾಗ ಮಾತ್ರ ತಿರುಗಿ, “ಥ್ಯಾಂಕ್ಸ್. ಬೇರೆಯವರಾಗಿದ್ರೆ ಮುಚ್ಚಿಡ್ತಿದ್ರು” ಎಂದರು.

ಆಗ ಅತ್ತೆ ಫ್ಲಾಸ್ಕಿನ ಮುಚ್ಚಳಕ್ಕೆ ಟೀ ಬಗ್ಗಿಸಿ ನನ್ನ ಕಡೆ ಚಾಚಿದರು.

“ಕುಡಿ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ.” ನಾನು ತೆಗೆದುಕೊಳ್ಳದೆ ನಿಂತಿದ್ದನ್ನು ನೋಡಿ ಮೆಲ್ಲಗೆ ಹೇಳಿದರು. “ನಿನ್ನೊಬ್ಬನದೇ ಅಂತ ನಾನು ಅಂದ್ಕೊಂಡಿಲ್ಲ ಕಣಪ್ಪಾ. ಚೆಂಡು ತಂದವಳು ನಾನು. ಎಸೆದವಳೂ ನಾನು. ರಾತ್ರಿಯೆಲ್ಲಾ ಅದನ್ನೇ ಲೆಕ್ಕ ಹಾಕ್ತಿದ್ದೆ. ಆರು ಸಲಕ್ಕೇ ನಿಲ್ಲಿಸಿದ್ರೆ ಬದುಕ್ತಿತ್ತಲ್ಲ ಅಂತ.”

ಅವರ ಕಣ್ಣು ಕೆಂಪಾಗಿತ್ತು. ನನ್ನ ಪಾಪದಲ್ಲಿ ಅರ್ಧವನ್ನು ಆ ಮುದುಕಿ ರಾತ್ರಿಯಿಡೀ ಹೊತ್ತುಕೊಂಡು ಕೂತಿದ್ದರು, ಅದನ್ನು ನಾನು ಹೊರಲು ಬಿಟ್ಟಿದ್ದೆ. ನನಗೆ ನನ್ನ ಮೇಲೆ ಹೇಸಿಗೆಯಾಯಿತು. ಬಾಗಿಲ ಗಂಟೆ ಸದ್ದಾಯಿತು. ಮೂರನೆಯವಳು ಅಂಚೆ ಕಚೇರಿಯ ಹುಡುಗಿ, ಕೈಯಲ್ಲಿ ಹೊಸದಾಗಿ ತಂದ ಮರಿ.

ನಾನು ಅವಳಿಗೆ ಮೊದಲಿನಿಂದ ಹೇಳಿದೆ. ಮೇಜಿನ ಹತ್ತಿರ ಬಂದಾಗ ನಿಲ್ಲಿಸಿದೆ. ಅವಳು ಮುಗಿಯಿತೆಂದುಕೊಂಡು “ಅಯ್ಯೋ ಪಾಪ” ಎಂದಳು.

“ಇನ್ನೂ ಇದೆ” ಎಂದೆ. “ನೀರು ಎಷ್ಟು ಕುಡಿದಿದೆ ಅಂತ ಡಾಕ್ಟರಮ್ಮ ಕೇಳಿದ್ರು. ಅಷ್ಟೊತ್ತಿಗೆ ನನಗೆ ಗೊತ್ತಾಗಿತ್ತು, ಅದು ನೀರಿಂದಲೇ ಆಗಿದ್ದು ಅಂತ. ನಾನು ಸ್ವಲ್ಪ ಅಂದೆ. ಸುಳ್ಳು ಹೇಳಿದೆ. ಇಪ್ಪತ್ತು ನಿಮಿಷ ಬಾಯಿ ಮುಚ್ಕೊಂಡು ನಿಂತಿದ್ದೆ. ಅಷ್ಟು ಹೊತ್ತೂ ಅದರ ಮೈಗೆ ಇನ್ನಷ್ಟು ನೀರು ಇಳೀತಿತ್ತು. ನಾನು ನೋಡ್ತಾನೇ ಇದ್ದೆ.”

ಹುಡುಗಿ ಮರಿಯನ್ನು ಎದೆಗೆ ಒತ್ತಿಕೊಂಡಳು. ನಾನು ಅವಳ ಕಡೆ ನೋಡುತ್ತಿರಲಿಲ್ಲ. ಅತ್ತೆ ಮುಚ್ಚಳದ ಟೀಯನ್ನು ನೆಲದ ಮೇಲೆ ಇಟ್ಟರು. ಅವರು ಎದ್ದು ಹೋಗುತ್ತಾರೆ ಎಂದುಕೊಂಡೆ, ಹೊಡೆದರೂ ಹೊಡೆಯಲಿ ಎಂದುಕೊಂಡೆ. ಅವರು ಏಳಲಿಲ್ಲ. ಕುರ್ಚಿಯ ಎರಡೂ ಕೈಗಳನ್ನು ಹಿಡಿದುಕೊಂಡು ನನ್ನ ಮುಖವನ್ನು ನೇರವಾಗಿ ನೋಡಿದರು.

“ಮೊದಲಿನಿಬ್ಬರಿಗೆ ನೀನು ಇದನ್ನ ಹೇಳಲಿಲ್ಲ” ಎಂದರು. “ಅವರನ್ನ ವಾಪಸ್ ಕರಿ.”